ಅಂಶ, ಛೇದ

ತೂಕದ ಯಂತ್ರಕ್ಕೆ ಮೊದಲು ಐದು ಕಿಲೋ ಅಕ್ಕಿ ಚೀಲ ಕೂರಿಸಿ
ಸುಳ್ಳು ಹೇಳುತ್ತಿದೆಯೇ ನೋಡುತ್ತೇನೆ.
ಇಲ್ಲ. ಐದು ಅಂದರೆ ಐದು.
ಆಮೇಲೆ ಮಕ್ಕಳು.

ಸಿಂಧನೂರು ತಾಲ್ಲೂಕು, ಎಡದಂಡೆ ಕಾಲುವೆ.
ಎರಡು ವರ್ಷದ ಹಿಂದೆ ಅಳೆದ ಅವೇ ಕೂಸುಗಳನ್ನು
ಈಗ ಮತ್ತೆ ಅಳೆದು,
ನಡುವೆ ಕೊಟ್ಟ ತತ್ತಿ, ಶೇಂಗಾ ಚಿಕ್ಕಿ, ಪುಷ್ಟಿ ಪುಡಿ
ಮೈಗೆ ಹತ್ತಿತೋ ಇಲ್ಲವೋ ಹೇಳಬೇಕು ನಾನು.
ದಿನಕ್ಕೆ ಐನೂರು, ಬಸ್ಸಿನ ಚಾರ್ಜು ಬೇರೆ.

ಮೊದಲ ಸಲ, ತಾಂಡಾದಲ್ಲಿ,
ಸೋಮ್ಲಿಬಾಯಿ ಮಗನ ಉಡಿದಾರ ಬಿಚ್ಚಲು ಒಪ್ಪಲಿಲ್ಲ.
ಬೆಳ್ಳಿ. ಅಜ್ಜಿ ಕೊಟ್ಟದ್ದು. ಬಿಚ್ಚಿದರೆ ದೃಷ್ಟಿ ತಾಗುತ್ತದೆ.
'ಬೆಳ್ಳಿ ತೂಕ ನೀನಽ ಕಳಕೊಳ್ಳವಾ,
ಅಕ್ಕಸಾಲಿಗ ಕಳೀತಾನಲ್ಲ, ಹಂಗ.'
ಕಳೆದೆ, ಅಂದಾಜು ಎಪ್ಪತ್ತು ಗ್ರಾಂ.
ಹುಟ್ಟಿದ್ದು ಯಾವಾಗ?
'ಕಾಲುವಿಗೆ ನೀರು ಬಿಟ್ಟ ವಾರ.'
ಯಾವ ವರ್ಷ?
'ಬಿಟ್ಟ ವರ್ಷ.'
ಬಿಡದ ವರ್ಷಗಳಿಗೆ ಫಾರಮಿನಲ್ಲಿ ಜಾಗವಿಲ್ಲ.

ಕ್ಯಾಂಪಿಗೆ ಬಂಗಾಳದಿಂದ ಸೊಸೆಯಾಗಿ ಬಂದ ಮಿನತಿ ಮಂಡಲ್
ಎಲ್ಲದಕ್ಕೂ ಹೌದು ಎಂದಳು.
ನಿನ್ನೆ ಹಾಲು ಕೊಟ್ಟೆಯಾ? ಹೌದು.
ಬೇಳೆ? ಹೌದು. ತತ್ತಿ? ಹೌದು.
ನಿನ್ನೆ ಏನೂ ಕೊಡಲಿಲ್ಲವಾ? ಹೌದು.
ಆಕೆಯ ಭಾಷೆ ನನಗೆ ಬಾರದು, ನನ್ನ ಫಾರಮಿಗೂ.
ಅಂಗಳದಲ್ಲಿ ಮಗು, ಕೈಯಲ್ಲಿ ಬೆರಳುದ್ದದ ಮೀನು,
ಕಾಲುವೆಯಲ್ಲಿ ಹಿಡಿದದ್ದು, ಸಾಸಿವೆ ಅರೆದು ಹಚ್ಚಿದ್ದು,
ತಲೆಯಿಂದ ಬಾಲದವರೆಗೆ ಮುಳ್ಳು ಸಮೇತ ಅಗಿಯುತ್ತಿತ್ತು.
ಮೀನಿಗೆ ಕಾಲಮ್ಮಿಲ್ಲ. 'ಇತರೆ' ಎಂದು ಬರೆದೆ.
ಆ ಊರಿನ ಎಲುಬೆಲ್ಲ 'ಇತರೆ'ಯಲ್ಲೇ ಬೆಳೆಯುತ್ತಿದೆ.

ಮೇಲಿನ ಓಣಿಯವರಿಗೆ ತತ್ತಿ ಬೇಡ, ಬಾಳೆಹಣ್ಣು.
ಹಂಪಮ್ಮ ಟೀಚರು ಎರಡು ರಿಜಿಸ್ಟರು ಇಟ್ಟಿದ್ದಾಳೆ.
ಮೂರನೆಯದು ಆಕೆಯ ತಲೆಯಲ್ಲಿದೆ:
ಬಾಳೆಹಣ್ಣಿನ ಪಟ್ಟಿಯಲ್ಲಿದ್ದು
ಬಾಗಿಲ ಹಿಂದೆ ನಿಂತು ತತ್ತಿ ತಿನ್ನುವವರು.
'ಅದನ್ನ ಬರೀಬ್ಯಾಡ್ರಿ' ಅಂದಳು.
ಬರೆಯಲಿಲ್ಲ. ಇಲ್ಲಿ ಬರೆದೆ.

ಗೇಟಿನ ಹತ್ತಿರದ ಊರಲ್ಲಿ ಮಕ್ಕಳು ಚೆನ್ನಾಗಿ ಬೆಳೆದಿದ್ದರು,
ಕೊನೆ ಭಾಗದ ಊರಲ್ಲಿ ಅದರ ಅರ್ಧ.
'ಅಲ್ಲಿನ ಟೀಚರು ಸರಿಯಿಲ್ಲ' ಎಂದರು ಮೇಲಿನವರು.
ಅಲ್ಲಿನ ಟೀಚರು ನಸುಕಿನಲ್ಲಿ ಆರು ಕೊಡ ಹೊತ್ತು
ಆಮೇಲೆ ಅನ್ನಕ್ಕಿಡುತ್ತಾಳೆ.
ಗೇಟಿನಲ್ಲಿ ನೀರು ಅಳೆದು, ಬೆಳೆ ಬಂತೆಂದು ಬರೆದುಕೊಂಡರೆ
ಕೊನೆಯ ಗದ್ದೆ ನಗುತ್ತದೆ,
ಬಾಯಿ ಬಿರಿದು.

ಶಾಲೆಯಲ್ಲಿ ಕಲಿತದ್ದು: ಮೇಲೆ ಅಂಶ, ಕೆಳಗೆ ಛೇದ.
ಛೇದ ಸಣ್ಣದಾದಷ್ಟೂ ಉತ್ತರ ದೊಡ್ಡದು.
ತಾಂಡಾದ ನಲವತ್ತೊಂದು ಮಕ್ಕಳಲ್ಲಿ
ಹದಿನೇಳು ಈ ಸಲ ಸಿಗಲಿಲ್ಲ.
ಗುಳೆ. ಬೀಗಗಳ ಮೇಲೆ ಜೇಡ.
'ಸಿಗದವರನ್ನ ಬಿಟ್ಟುಬಿಡಿ' ಎಂದಿತು ಆಫೀಸಿನ ಫೋನು.
ಬಿಟ್ಟೆ.
ಒಂದೇ ರಾತ್ರಿಯಲ್ಲಿ ತಾಂಡಾ ಪುಷ್ಟಿಯಾಯಿತು,
ಒಂದು ತುತ್ತೂ ಹೆಚ್ಚು ಉಣ್ಣದೆ.

ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು.
ಬೆಳಿಗ್ಗೆ ಹಳೆಯ ಫಾರಮಿನ ಅಂಚಿನಲ್ಲಿ ಒಂದು ನಂಬರು.
ಸೋಮ್ಲಿಬಾಯಿ. ಪುಣೆಯ ಆಚೆ ಎಲ್ಲೋ, ಕಬ್ಬಿನ ಗದ್ದೆ.
'ತೋಳಿಗೆ ಸುತ್ತೂ ಪಟ್ಟಿ ಕೊಟ್ಟಿದ್ದೆ, ಐತೇನು?'
ಐತಂತೆ. ಸಂದೂಕದ ಕೀಲಿಗೆ ಕಟ್ಟಿಕೊಂಡಿದ್ದಾಳೆ.
ಸುತ್ತಿ ನೋಡು, ಯಾವ ಬಣ್ಣಕ್ಕೆ ನಿಂತಿತು?
ಗಾಳಿ. ಟ್ರ್ಯಾಕ್ಟರು. ಕೂಸಿನ ಕೆಮ್ಮು.
'ಬಿಸಲಿಗೆ ಬಣ್ಣ ಹೋಗೇತವಾ,
ಹಳದಿನೋ ಕೆಂಪೋ ತಿಳಿವಲ್ದು.'

ಪೆನ್ಸಿಲು ಹಿಡಿದು ಕೂತೆ. ಆ ಮನೆ ಖಾಲಿ ಬಿಡಲಾರೆ,
ತುಂಬಲೂ ಆರೆ.
'ಉಡಿದಾರ?' ಎಂದೆ, ಯಾಕೋ.
'ಮಾರೀವಿ' ಅಂದಳು.
'ಈಗ ಕಳಿಯೂದು ಏನೂ ಇಲ್ಲವಾ,
ಹಂಗಽ ತೂಗು.'